ಹಾಡಿಯನ್ನು ಸೀಳಿದ ಗೆರೆ

ಕೊಡಗಿನ ತಾಲ್ಲೂಕು ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಗ್ರಾಮ ಪಂಚಾಯಿತಿಯೊಂದರ ಕ್ಷೇತ್ರಗಳ ಗಡಿಯನ್ನು ಮರುನಿಗದಿ ಮಾಡುವ ಕರಡು ಸಿದ್ಧಪಡಿಸುವ ಹೊಣೆ ನನಗೆ ಬಂದಿತ್ತು. ಲೆಕ್ಕವೇನೋ ಸರಳವಾಗಿಯೇ ಕಂಡಿತು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಪ್ರತಿ 400 ಜನರಿಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ; ಉದಾಹರಣೆಗೆ 4,100 ಜನರಿದ್ದರೆ 11 ಸ್ಥಾನ, ಅಂದರೆ ಸದಸ್ಯರೊಬ್ಬರಿಗೆ ಸರಾಸರಿ 373 ಜನ. ಈ ಅನುಪಾತ ಪಂಚಾಯಿತಿಯ ಉದ್ದಕ್ಕೂ ಸಾಧ್ಯವಾದಷ್ಟು ಒಂದೇ ಆಗಿರಬೇಕೆಂದು ಸಂವಿಧಾನದ 243ಸಿ ವಿಧಿಯೂ ಹೇಳುತ್ತದೆ.

ಬಯಲುಸೀಮೆಯ ಊರಿನಲ್ಲಿ ಮನೆಗಳು ಬೀದಿಗೆ ಬೀದಿ ಸೇರಿಕೊಂಡಿರುತ್ತವೆ. ನಮ್ಮಲ್ಲಿ ಒಂದೊಂದು ಮನೆಯೂ ತನ್ನ ತೋಟ, ಗದ್ದೆ, ಬಾಣೆಗಳ (ಗದ್ದೆಗೆ ಸೇರಿದ ಮರಗಾಡಿನ ಜಮೀನು) ನಡುವೆ ಒಂಟಿಯಾಗಿ ನಿಂತಿರುವುದರಿಂದ, ಒಂದು ಕ್ಷೇತ್ರ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಗುತ್ತದೆ ಎಂಬುದು ನೆಲದ ಮೇಲೆ ಕಾಣುವುದಿಲ್ಲ. ಹಾಗಾಗಿ ನಾನು ತೋಟದ ರಸ್ತೆಯನ್ನೇ ಗಡಿಯಾಗಿ ಹಿಡಿದೆ. ಸಂಖ್ಯೆಗಳು ಚೆನ್ನಾಗಿ ಹೊಂದಿಕೊಂಡವು.

ಆಕ್ಷೇಪಣೆಗೆ ಕರಡು ಪ್ರಕಟವಾದ ಮೇಲೆ ಎರವರ ಹಾಡಿಯಿಂದ, ಅಂದರೆ ಆ ಪರಿಶಿಷ್ಟ ಪಂಗಡದವರ ವಸತಿಯಿಂದ, ಹಿರಿಯ ಹೆಂಗಸೊಬ್ಬರು ಕಚೇರಿಗೆ ಬಂದರು. "ಸಾರ್, ನಮ್ಮ ಅರ್ಧ ಹಾಡಿಯನ್ನು ತೊರೆಯಾಚೆಗೆ ಸೇರಿಸಿದ್ದೀರಿ. ಮಳೆಗಾಲದಲ್ಲಿ ನಾವು ಆಚೆ ಹೋಗಲಾಗುವುದಿಲ್ಲ, ಅಲ್ಲಿಯ ಮೆಂಬರು ಈಚೆ ಬರುವುದೂ ಇಲ್ಲ" ಎಂದರು. ನಾನು ಬೇಸಿಗೆಯಲ್ಲಿ ನೋಡಿದ್ದ ನಕ್ಷೆಯಲ್ಲಿ ಆ ತೊರೆ ಕೂದಲೆಳೆಯಷ್ಟಿತ್ತು. ರಸ್ತೆಯ ಎರಡೂ ಬದಿಗೆ ಒಂದೇ ಹಾಡಿಯ ಮನೆಗಳಿರುವುದು ನನಗೆ ತಿಳಿದೇ ಇರಲಿಲ್ಲ. ಹಾಡಿ ಎರಡಾದರೆ ಪರಿಶಿಷ್ಟ ಪಂಗಡದವರ ಪಾಲು ಎರಡೂ ಕಡೆ ತೆಳುವಾಗುತ್ತದೆ, ಮೀಸಲು ಸ್ಥಾನ ಹಂಚುವಾಗ ಅವರ ಎಣಿಕೆಯ ಬಲವೂ ಕುಗ್ಗುತ್ತದೆ. ಅದನ್ನು ಯೋಚಿಸಿದ ಮೇಲೆ ನನಗೆ ಆ ಕರಡನ್ನು ಹಾಗೆಯೇ ಅಂತಿಮಗೊಳಿಸಲು ಕಳುಹಿಸಲಾಗಲಿಲ್ಲ.

ನೀರುಗಂಟಿ ಮತ್ತು ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಮೂರು ದಿನ ನಡೆದೆ. ತೋಟದ ಕಾರ್ಮಿಕರು ವಾಸಿಸುವ ಯಾವ ಲೈನ್ ಮನೆಯಲ್ಲಿ ಎಷ್ಟು ಕುಟುಂಬ, ಯಾವ ದಾರಿ ಜೂನ್ ತಿಂಗಳಲ್ಲಿ ಮುಳುಗುತ್ತದೆ ಎಂಬುದು ಅವರಿಬ್ಬರಿಗೆ ಗೊತ್ತಿದ್ದಷ್ಟು ಯಾವ ದಾಖಲೆಯಲ್ಲಿಯೂ ಇರಲಿಲ್ಲ. ಲೈನ್ ಮನೆಗಳ ಹಲವರ ಹೆಸರು ಮತದಾರರ ಪಟ್ಟಿಯಲ್ಲಿಲ್ಲ, ಅವರನ್ನೇಕೆ ಲೆಕ್ಕಕ್ಕೆ ಹಿಡಿಯಬೇಕು ಎಂದು ಒಬ್ಬರು ಕೇಳಿದರು. ಸ್ಥಾನಗಳ ಲೆಕ್ಕ ಜನಸಂಖ್ಯೆಯದೇ ಹೊರತು ಮತದಾರರದಲ್ಲ ಎಂದು ಉತ್ತರಿಸಿದೆ. ಅದು ನ್ಯಾಯವೂ ಹೌದೆಂದು ನಂಬಿದ್ದೇನೆ.

ಬಗೆಹರಿಯದೆ ಉಳಿದದ್ದು ಈ ಲೆಕ್ಕಕ್ಕೆ ಆಧಾರವಾಗಿದ್ದ 2011ರ ಜನಗಣತಿ. ಕೊಡಗಿನದೇ ದಿಡ್ಡಳ್ಳಿಯಿಂದ ತೆರವಾದ ಆದಿವಾಸಿ ಕುಟುಂಬಗಳು ಬಸವನಹಳ್ಳಿ, ಬ್ಯಾಡಗೊಟ್ಟಗಳಿಗೆ ಬಂದದ್ದು, 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ ಮನೆ ಕಟ್ಟಿಕೊಟ್ಟದ್ದು, ಎಲ್ಲವೂ ಆ ಗಣತಿಯ ನಂತರ. ಕಾನೂನು ಒಪ್ಪುವ ಸಂಖ್ಯೆಯಲ್ಲಿ ಅವರು ಇನ್ನೂ ಹಳೆಯ ಊರಿನಲ್ಲೇ ಇದ್ದಾರೆ. ನಮ್ಮ ಪಂಚಾಯಿತಿಗೂ ಹೊಸದಾಗಿ ಬಂದು ನೆಲೆಸಿದವರಿದ್ದರು. ಅವರಿಗಾಗಿ ಒಂದು ಸ್ಥಾನ ಹೆಚ್ಚಿಸುವ ಅಧಿಕಾರ ನನಗಿರಲಿಲ್ಲ. ಅವರ ಬಡಾವಣೆಯನ್ನು ಒಡೆಯದೆ ಒಂದೇ ಕ್ಷೇತ್ರದಲ್ಲಿ ಇರಿಸಿ, ಅದರ ಕಾರಣವನ್ನು ಕಡತದಲ್ಲಿ ಬರೆದೆ.

ಎರಡನೆಯ ಕರಡಿನಲ್ಲಿ ಗಡಿ ತೊರೆಯ ಜೊತೆಗೆ ಸಾಗಿತು, ಹಾಡಿ ಒಂದಾಯಿತು. ಅದರಿಂದ ಪಕ್ಕದ ಕ್ಷೇತ್ರದಲ್ಲಿ ಸದಸ್ಯರೊಬ್ಬರಿಗೆ ಬೀಳುವ ಜನ ಸರಾಸರಿಗಿಂತ ಹೆಚ್ಚಾದರು, ಅಲ್ಲಿನ ಬೆಳೆಗಾರರೊಬ್ಬರು ಆಕ್ಷೇಪಿಸಿದರು. ಅವರ ಮಾತು ಲೆಕ್ಕದಲ್ಲಿ ಸರಿಯಾಗಿತ್ತು. ಎರಡೂ ಕರಡುಗಳ ಅಂಕಿಗಳನ್ನು ಅಕ್ಕಪಕ್ಕ ಬರೆದು, ತೊರೆ ತುಂಬಿದ ದಿನ ಯಾರು ಯಾವ ದಾರಿಯಲ್ಲಿ ನಡೆಯಬೇಕೆಂಬುದನ್ನೂ ನಕ್ಷೆಯಲ್ಲಿ ಗುರುತಿಸಿ ಮೇಲಧಿಕಾರಿಗಳಿಗೆ ಕಳುಹಿಸಿದೆ. ಅಂತಿಮ ಅಧಿಸೂಚನೆಯಲ್ಲಿ ತೊರೆಯೇ ಗಡಿಯಾಗಿ ಉಳಿಯಿತು.