ಹೂಬಿಟ್ಟ ಬೂರುಗದ ಎದುರು: ಗುಂಪಾಗಿ ಹಕ್ಕಿ ನೋಡುವ ಬಗೆ

ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಹೊರಟುಹೋಗುತ್ತದೆ ಅಂತಾರಲ್ಲ, ಮೈಸೂರಿನ ನಮ್ಮ ಹಕ್ಕಿ ಗುಂಪಿಗೆ ಒಳ್ಳೆಯ ಕಾಲ ಅದೇ. ಆ ಹೊತ್ತಿಗೆ ಕೆಂಪು ಬೂರುಗದಲ್ಲಿ ಎಲೆ ಇರುವುದಿಲ್ಲ, ಹೂ ಮಾತ್ರ. ಹಕ್ಕಿಗಳಿಗೆ ಅಡಗಲು ಜಾಗವೇ ಇಲ್ಲ. ಹಾಗಾಗಿ ಹೊಸಬರನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮೊದಲ ಮಾತು: ಜಾಸ್ತಿ ನಡೆಸಬೇಡಿ. ಒಂದು ಮರ ಹಿಡಿದು ನಿಲ್ಲಿಸಿ.

ಮರ ಹುಡುಕುವ ಕೆಲಸ ಹಿಂದಿನ ದಿನದ್ದು. ತಲೆ ಎತ್ತಿಕೊಂಡು ತಿರುಗಬೇಕಿಲ್ಲ, ರಸ್ತೆ ನೋಡಿ. ದಪ್ಪ ಎಸಳಿನ ಕೆಂಪು ಹೂ ಬಿದ್ದಿದ್ದರೆ ಮೇಲೆ ಬೂರುಗ ಇದೆ. ಮರದ ಪೂರ್ವಕ್ಕೆ ನಿಲ್ಲಲು ಜಾಗ ಇದೆಯಾ ಅಂತಲೂ ನೋಡಿಕೊಳ್ಳಿ. ಬೆಳಿಗ್ಗೆ ಬಿಸಿಲು ನಮ್ಮ ಬೆನ್ನಿಗಿರಬೇಕು. ಪಶ್ಚಿಮದಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪು ಕಾಗೆಯೇ.

ಆರೂವರೆಗೆ ಸೇರಿ. ಎಂಟು ಹತ್ತು ಜನ ಸಾಕು. ಬೈನಾಕ್ಯುಲರ್ ಕೊಳ್ಳುವವರು 8 ಪಟ್ಟು ದೊಡ್ಡದಾಗಿ ತೋರಿಸುವುದನ್ನು ಕೊಳ್ಳಲಿ. 10 ಪಟ್ಟಿನದು ಹೊಸಬರ ಕೈಯಲ್ಲಿ ನಡುಗುತ್ತದೆ. ಬಳಸುವ ರೀತಿ ಹೀಗೆ: ಮೊದಲು ಬರಿಗಣ್ಣಲ್ಲಿ ಹಕ್ಕಿ ಹಿಡಿಯಿರಿ, ಕಣ್ಣು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಬೈನಾಕ್ಯುಲರ್ ಹಾಕಿಕೊಂಡು ಮರವೆಲ್ಲ ಹುಡುಕಿದರೆ ಬರೀ ಕೊಂಬೆ ಸಿಗುತ್ತದೆ.

'ಅಲ್ಲಿ, ಅಲ್ಲಿ' ಅಂತ ಬೆರಳು ತೋರಿಸಿದರೆ ಯಾರಿಗೂ ಕಾಣುವುದಿಲ್ಲ. ಮರವನ್ನು ಗಡಿಯಾರದ ಮುಖ ಮಾಡಿಕೊಳ್ಳಿ. 'ಹತ್ತು ಗಂಟೆ ಕಡೆ, ತುದಿಯಿಂದ ಎರಡನೇ ಹೂವು' ಅಂದರೆ ಸಾಕು, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಸಿಗುತ್ತದೆ.

ಮೊದಲು ಬರುವವರು ಪಿಕಳಾರ, ಗೊರವಂಕ, ಗಿಳಿ. ಕಾಜಾಣ ಹೂವಿನ ಹತ್ತಿರ ಕೂತು ಮಕರಂದವನ್ನೂ ಕುಡಿಯುತ್ತದೆ, ಹೂವಿಗೆ ಬಂದ ಹುಳವನ್ನೂ ಹಿಡಿಯುತ್ತದೆ. ಅದೃಷ್ಟ ಇದ್ದರೆ ಗುಲಾಬಿ ಮೈಯ ಕಬ್ಬಕ್ಕಿಗಳ ಹಿಂಡು ಇಳಿಯುತ್ತದೆ. ಆಮೇಲೆ ಆ ಮರ ಮದುವೆ ಮನೆಯ ಮೊದಲ ಪಂಕ್ತಿ, ಅಷ್ಟು ಗಲಾಟೆ. ಒಂದೇ ಹಕ್ಕಿಯ ಮೇಲೆ ಕಣ್ಣಿಟ್ಟು ನೋಡಿ: ಹೂವಿನೊಳಗೆ ತಲೆ ತೂರಿಸಿ ಹೊರಗೆ ತೆಗೆದಾಗ ಹಣೆ ಮೇಲೆ ಪರಾಗ ಮೆತ್ತಿಕೊಂಡಿರುತ್ತದೆ, ಅದನ್ನೇ ಮುಂದಿನ ಹೂವಿಗೆ ಒಯ್ಯುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಈ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಕಡೆ ಹೊರಡುತ್ತವೆ, ಮುಂದೂಡಬೇಡಿ.

'ಟುಕ್ ಟುಕ್ ಟುಕ್' ಅಂತ ಒಂದೇ ಸಮ ಕೇಳುತ್ತಿದ್ದರೆ ಕಂಚುಗಾರ. ಕೂಗುವಾಗ ತಲೆ ಆಚೀಚೆ ತಿರುಗಿಸುತ್ತದೆ, ಅದಕ್ಕೇ ದನಿ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಕಿವಿ ಬಿಟ್ಟು ಕಣ್ಣು ನಂಬಿ. ಸುತ್ತಲಿನ ಮರಗಳ ತುತ್ತತುದಿಯ ಬೋಳು ಕಡ್ಡಿಗಳನ್ನು ನೋಡುತ್ತ ಬನ್ನಿ. ಗುಬ್ಬಿಗಿಂತ ಚೂರು ದಪ್ಪ, ಹಸಿರು ಮೈ, ಕೆಂಪು ಹಣೆ, ಹಳದಿ ಗಂಟಲು. ಬಿಸಿಲು ಕಾಯಿಸುತ್ತ ಕೂತಿರುತ್ತದೆ.

ಮೊಬೈಲಲ್ಲಿ ಹಕ್ಕಿ ದನಿ ಹಾಕಿ ಕರೆಸುವುದು ಬೇಡವೇ ಬೇಡ. ಇದು ಅನೇಕ ಹಕ್ಕಿಗಳು ಗೂಡು ಕಟ್ಟುವ ಕಾಲ. ಎದುರಾಳಿ ಬಂತು ಅಂತ ಸುಮ್ನೆ ಹಾರಾಡಿ ಸುಸ್ತಾಗುತ್ತವೆ. ಕ್ಯಾಮೆರಾದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಮುನಿಸಿಕೊಂಡರೂ ಪರವಾಗಿಲ್ಲ.

ಎಂಟು ಗಂಟೆಗೆ ಕುಕ್ಕರಹಳ್ಳಿ ಕೆರೆಗೆ ನಡೆಯಿರಿ. ಇಲ್ಲೂ ಒಂದೇ ಕಡೆ ನಿಂತು ನಡುಗಡ್ಡೆ ನೋಡಿ. ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಹಾವಿನಂಥ ಕತ್ತಿನ ಹಾವಕ್ಕಿ ಸಿಗುತ್ತವೆ. ಬಾಯಲ್ಲಿ ಕಡ್ಡಿ ಕಚ್ಚಿ ಹೋಗುವ ಹೆಜ್ಜಾರ್ಲೆ ಕಂಡರೆ ಅದು ಇಳಿಯುವವರೆಗೂ ಕಣ್ಣು ಬಿಡಬೇಡಿ, ಗೂಡು ಎಲ್ಲಿದೆ ಅಂತ ಅದೇ ತೋರಿಸುತ್ತದೆ.

ಕೊನೆಗೆ ಇ-ಬರ್ಡ್, ಅಂದರೆ ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಆನ್‌ಲೈನ್ ತಾಣ. ಮರದ ಹತ್ತಿರ ನಿಂತದ್ದಕ್ಕೆ 'ಸ್ಟೇಷನರಿ' (ಒಂದೇ ಕಡೆ ನಿಂತು ನೋಡಿದ) ಪಟ್ಟಿ, ಕೆರೆಗೆ ಬೇರೆ ಪಟ್ಟಿ. ಕಂಡದ್ದು, ಬರೀ ದನಿ ಕೇಳಿದ್ದು ಎರಡೂ ಸೇರಲಿ. ಬರೆಯುವುದು ಒಬ್ಬರೇ, ಮಿಕ್ಕವರಿಗೆ ಶೇರ್ ಮಾಡಿದರೆ ಆಯಿತು. ಹತ್ತು ಜನ ಬೇರೆಬೇರೆ ಹಾಕಿದರೆ ಅದೇ ಹೆಜ್ಜಾರ್ಲೆ ಹತ್ತು ಸಲ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಈ ಕೆಲಸವನ್ನು ಕೆರೆ ಏರಿ ಮೇಲೆ ಕೂತೇ ಮುಗಿಸಿ. ಮಸಾಲೆ ದೋಸೆ ಟೇಬಲ್‌ಗೆ ಬಂದ ಮೇಲೆ ಪಿಕಳಾರ ಎಷ್ಟಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.