ಆರು ನಿಮಿಷದ ನಡಿಗೆ ಪರೀಕ್ಷೆ: ಮೀಟರ್ ಲೆಕ್ಕ ದಾರಿ ತಪ್ಪದಂತೆ ಮಾಡಿಸುವುದು ಹೇಗೆ

ಸಿಒಪಿಡಿಯಂಥ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಎಷ್ಟು ಕಸುವಿದೆ ಅಂತ ನೋಡೋಕೆ ದೊಡ್ಡ ಯಂತ್ರವೇನೂ ಬೇಡ, ಎರಡು ಕೋನ್ ನಡುವೆ ಆರು ನಿಮಿಷ ಹೋಗಿ ಬಂದು ಒಟ್ಟು ಎಷ್ಟು ಮೀಟರ್ ನಡೆದರು ಅಂತ ಅಳೆದರೆ ಸಾಕು. ಉದ್ದನೆಯ ಕಾರಿಡಾರ್, ಎರಡು ಕೋನ್, ಸ್ಟಾಪ್‌ವಾಚ್, ಆಕ್ಸಿಮೀಟರ್, ಬಿಪಿ ಉಪಕರಣ, ಕೂರಲು ಕುರ್ಚಿ, ಕೈಗೆ ಸಿಗುವಷ್ಟು ಹತ್ತಿರ ಆಕ್ಸಿಜನ್ ಇದ್ದರೆ ಆಯಿತು. ಇಷ್ಟು ಸುಲಭ ಅನ್ನಿಸುವುದೇ ತೊಂದರೆ. ಒಬ್ಬೊಬ್ಬರು ಒಂದೊಂದು ರೀತಿ ಮಾಡಿಸುತ್ತಾರೆ, ಆಮೇಲೆ ಹಳೆಯ ಅಂಕಿಯ ಪಕ್ಕ ಹೊಸದನ್ನು ಇಟ್ಟು ನೋಡಿದರೆ ಬದಲಾಗಿದ್ದು ರೋಗಿಯೋ ಕಾರಿಡಾರೋ ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಯಾರಿಗೆ ಬೇಡ ಅನ್ನುವುದನ್ನು ನೋಡಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅಥವಾ ಸುಮ್ನೆ ಕೂತಾಗಲೂ ಎದೆನೋವು ಬರುತ್ತಿದ್ದರೆ ಮಾಡಿಸಬೇಡಿ. ಕೂತಿರುವಾಗಲೇ ನಾಡಿ 120 ದಾಟಿದ್ದರೆ, ಬಿಪಿ 180/100ಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ.

ಜಾಗ 30 ಮೀಟರ್ ಇರಲಿ, ಸಮತಟ್ಟಾಗಿರಲಿ, ಜನ ಓಡಾಡದ ಕಡೆ ಇರಲಿ. ಕಾರಿಡಾರ್ ಚಿಕ್ಕದಾದಷ್ಟೂ ತಿರುವು ಜಾಸ್ತಿ, ಪ್ರತಿ ತಿರುವಿನಲ್ಲೂ ವೇಗ ತಗ್ಗುತ್ತದೆ, ಹಾಗಾಗಿ ಅದೇ ಮನುಷ್ಯ ಕಡಿಮೆ ದೂರ ನಡೆದಂತೆ ಕಾಣುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿದ ಅಂಕಿಯನ್ನು ಇದರ ಜೊತೆ ಹೋಲಿಸಲು ಬರುವುದಿಲ್ಲ.

ರೋಗಿ ಎಂದಿನ ಔಷಧಿ, ಇನ್ಹೇಲರ್ ತೆಗೆದುಕೊಂಡೇ ಬರಲಿ, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಕೋಲು ಹಿಡಿದು ನಡೆಯುವ ರೂಢಿ ಇದ್ದರೆ ಕೋಲು ಹಿಡಿದೇ ನಡೆಯಲಿ. ಆಕ್ಸಿಜನ್ ಮೇಲಿದ್ದರೆ ಎಷ್ಟು ಲೀಟರ್, ಸಿಲಿಂಡರ್ ಹೊತ್ತವರು ಯಾರು, ಇದನ್ನೂ ಬರೆಯಿರಿ. ಮುಂದಿನ ಸಲ ಸಿಲಿಂಡರ್ ಬೇರೆಯವರು ಹೊತ್ತರೆ ದೂರ ಬದಲಾಗದೆ ಇರುತ್ತದಾ? ಹತ್ತು ನಿಮಿಷ ಕೂರಿಸಿ, ಆಮೇಲೆ ನಾಡಿ, ಆಕ್ಸಿಜನ್ ಮಟ್ಟ ನೋಡಿ, ಉಸಿರಿನ ಕಷ್ಟ ಮತ್ತು ಕಾಲಿನ ಸುಸ್ತು ಎಷ್ಟಿದೆ ಅಂತ 0ಯಿಂದ 10ರ ಬೋರ್ಗ್ ಸ್ಕೇಲ್ (0 ಅಂದರೆ ಏನೂ ಇಲ್ಲ, 10 ಅಂದರೆ ಅತಿ ಹೆಚ್ಚು) ತೋರಿಸಿ ಕೇಳಿ.

ಇನ್ನು ನಿಮ್ಮ ಬಾಯಿ. ಜನ ಎಡವುವುದು ಇಲ್ಲೇ. "ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು ದೂರ ನಡೀರಿ, ಓಡಬೇಡಿ, ಸುಸ್ತಾದರೆ ನಿಲ್ಲಬಹುದು" ಅಂತ ಹೇಳಿ. "ಎಷ್ಟು ಜೋರಾಗಿ ಆಗುತ್ತೋ ಅಷ್ಟು" ಅಂದರೆ ಅದು ಬೇರೆಯದೇ ಪರೀಕ್ಷೆ, ಬರುವ ದೂರವೂ ಬೇರೆ. ನಿಮಿಷಕ್ಕೊಮ್ಮೆ "ಚೆನ್ನಾಗಿ ಮಾಡ್ತಿದ್ದೀರಿ, ಇನ್ನು ಇಷ್ಟು ನಿಮಿಷ ಇದೆ" ಅಂದರೆ ಸಾಕು, ಅದೂ ಪ್ರತಿ ಸಲ ಅದೇ ದನಿಯಲ್ಲಿ. ನಡುವೆ ಹರಟೆ ಬೇಡ, ಚಪ್ಪಾಳೆ ಬೇಡ. ಮನೆಯವರು ಬಂದಿದ್ದರೆ ಹೊರಗೆ ಕೂರಿಸುವುದೇ ಒಳ್ಳೆಯದು, ಕ್ರಿಕೆಟ್ ಮ್ಯಾಚಿಗೆ ಕೂಗಿದ ಹಾಗೆ ಹುರಿದುಂಬಿಸಿಬಿಡುತ್ತಾರೆ. ನೀವು ಪಕ್ಕದಲ್ಲಿ ಹೆಜ್ಜೆ ಹಾಕಲೂಬಾರದು, ನಿಮಗೆ ಗೊತ್ತಿಲ್ಲದೆಯೇ ನಿಮ್ಮ ವೇಗ ಅವರ ವೇಗವಾಗುತ್ತದೆ. ಬೀಳುವ ಭಯ ಇದ್ದರೆ ಸ್ವಲ್ಪ ಹಿಂದೆಯೇ ಇರಿ.

ರೋಗಿ ನಿಂತರೂ ವಾಚ್ ನಿಲ್ಲಿಸಬೇಡಿ! ನಿಂತ ಹೊತ್ತು, ಮತ್ತೆ ಹೊರಟ ಹೊತ್ತು ಬರೆದುಕೊಳ್ಳಿ. ಆಕ್ಸಿಜನ್ ಮಟ್ಟ ಶೇಕಡಾ 80ಕ್ಕಿಂತ ಕೆಳಗಿಳಿದರೆ ನೀವೇ ನಿಲ್ಲಿಸಿ, ಆರು ನಿಮಿಷದೊಳಗೆ ಮತ್ತೆ 85ಕ್ಕೆ ಏರಿದರೆ ಮುಂದುವರಿಸಲು ಹೇಳಬಹುದು. ಎದೆನೋವು, ತೂರಾಡುವುದು, ಮುಖ ಬಿಳಿಚಿಕೊಂಡು ಬೆವರುವುದು ಕಂಡರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಆಕ್ಸಿಮೀಟರನ್ನು ಕೊನೆಯಲ್ಲಿ ಒಂದು ಸಲ ನೋಡಿದರೆ ಸಾಲದು, ನಡೆಯುವಾಗಲೂ ಬೆರಳಲ್ಲೇ ಇರಲಿ, ಯಾಕೆಂದರೆ ಬರೆಯಬೇಕಾದದ್ದು ಅತಿ ಕೆಳಗಿಳಿದ ಅಂಕಿ. ಅದು ಬಹಳ ಸಲ ನಡುವೆಯೇ ಬಂದು ಹೋಗಿರುತ್ತದೆ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಷ್ ಇದ್ದರೆ ಅಂಕಿಯನ್ನು ನಂಬಬೇಡಿ.

ಲೆಕ್ಕ ಸುಲಭ: ಹೋಗಿ ಬಂದರೆ 60 ಮೀಟರ್, ಐದು ಸುತ್ತು ಆಗಿ ಮೇಲೆ 40 ಇದ್ದರೆ 340. ಆದರೆ ಇಲ್ಲಿಗೆ ಮುಗಿಯಲಿಲ್ಲ. ಎರಡನೇ ಸಲ ನಡೆದಾಗ ಬಹಳ ಮಂದಿ ಇನ್ನಷ್ಟು ದೂರ ಹೋಗುತ್ತಾರೆ, ಕಾಯಿಲೆ ವಾಸಿಯಾಗಿ ಅಲ್ಲ, ಪರೀಕ್ಷೆ ಹೇಗೆ ಅಂತ ಗೊತ್ತಾಗಿ. ಅದಕ್ಕೇ ಅರ್ಧ ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೊಮ್ಮೆ ಮಾಡಿಸಿ, ಎರಡರಲ್ಲಿ ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಬೇಕು. ಸಮಯ ಇಲ್ಲ ಅಂತ ಇದನ್ನು ಬಿಡುವವರೇ ಹೆಚ್ಚು. ನನ್ನ ಪ್ರಕಾರ ಚಿಕಿತ್ಸೆಯಿಂದ ಗುಣ ಬಂತಾ ಅಂತ ನೋಡುವ ಉದ್ದೇಶವಿದ್ದರೆ ಇದನ್ನು ಬಿಡಲೇಬಾರದು, ಯಾಕೆಂದರೆ ನಿಜವಾದ ಬದಲಾವಣೆ ಅಂತ ಒಪ್ಪುವುದೇ ಸುಮಾರು 30 ಮೀಟರ್. ಬರೀ ಅಭ್ಯಾಸದಿಂದಲೇ ಹತ್ತಿರ ಹತ್ತಿರ ಅಷ್ಟು ಜಾಸ್ತಿಯಾಗಬಹುದು.

30 ಮೀಟರ್ ಜಾಗವೇ ಇಲ್ಲವೇ? ಶಟಲ್ ನಡಿಗೆ ಅನ್ನುವ ಇನ್ನೊಂದು ಪರೀಕ್ಷೆಗೆ ತಿರುಗುವ ಜಾಗವೂ ಸೇರಿ 10 ಮೀಟರ್ ಸಾಕು, ಕೋನ್‌ಗಳ ನಡುವೆ 9 ಮೀಟರ್ ಅಂತರ. 1992ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಯಲ್ಲಿ ವೇಗ ರೋಗಿಯದಲ್ಲ, ರೆಕಾರ್ಡಿಂಗ್‌ನದು. ಬೀಪ್ ಬರುವಷ್ಟರಲ್ಲಿ ಕೋನ್ ಮುಟ್ಟಬೇಕು, ನಿಮಿಷಕ್ಕೊಮ್ಮೆ ವೇಗ ಏರುತ್ತದೆ, ಹೀಗೆ 12 ಹಂತ. ಬೀಪಿಗೆ ಸರಿಯಾಗಿ ತಲುಪಲು ಆಗದಿದ್ದಾಗ ನಿಲ್ಲಿಸಿ. ಇಲ್ಲಿ ಹುರಿದುಂಬಿಸುವ ಮಾತು ಒಂದೂ ಇಲ್ಲ. ಇದರ ಮೀಟರನ್ನು ಆರು ನಿಮಿಷದ ಮೀಟರ್ ಜೊತೆ ಬೆರೆಸಬೇಡಿ. ಹೆಚ್ಚು ಹೊತ್ತು ತಾಳಿಕೊಳ್ಳುವ ಶಕ್ತಿಯನ್ನೇ ನೋಡಬೇಕಿದ್ದರೆ ಇದರದೇ ಇನ್ನೊಂದು ರೂಪವಿದೆ: ಮೊದಲ ಶಟಲ್ ಫಲಿತಾಂಶದಿಂದ ಲೆಕ್ಕ ಹಾಕಿದ ಒಂದೇ ವೇಗದಲ್ಲಿ ಆದಷ್ಟು ಹೊತ್ತು ನಡೆಸುವುದು. ಅದರಲ್ಲಿ ಬರೆಯುವುದು ದೂರವಲ್ಲ, ಸಮಯ. 20 ನಿಮಿಷ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ.