ಒರಟು ಪೈಪಿನ ಹಿಂದೆ ಸುಳಿ ಕಿರಿದಾಗುವುದನ್ನು ನೋಡುವುದು ಹೇಗೆ?

ಹಾಸನದ ನನ್ನ ಪಿಯುಸಿ ಮಕ್ಕಳಿಗೆ ಇದನ್ನು ಹೇಮಾವತಿ ನೀರಿನ ಹೊಲಗಾಲುವೆಯಲ್ಲೇ ತೋರಿಸುತ್ತೇನೆ. ಮೊಣಕಾಲುದ್ದ ನೀರು ಸಾಕು. ದೊಡ್ಡ ನಾಲೆಗೆ ಇಳಿಯಲೇಬೇಡಿ. ಎಲೆಯೊಂದು ಸೆಕೆಂಡಿಗೆ 1 ಮೀಟರ್ ತೇಲುವ ಜಾಗ ಹುಡುಕಿ. ನಿಧಾನದ ನೀರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

110 ಮಿ.ಮೀ. ಪಿವಿಸಿ ಪೈಪನ್ನು ನೆಟ್ಟಗೆ ಊರಿ. ಕಡ್ಡಿಗೆ ಉಲ್ಲನ್ ದಾರ ಕಟ್ಟಿ, ಪೈಪಿನ ಹಿಂದೆ ನೀರೊಳಗೆ ಅಡ್ಡಡ್ಡ ಸರಿಸಿ. ದಾರ ಒದ್ದಾಡುವಷ್ಟು ಅಗಲ ಅಳೆಯಿರಿ. ಪೈಪಿನ ಹಿಂದೆ ನೀರು ಕಲಕಿ ತಿರುಗುವ ಈ ಜಾಗವೇ ಸುಳಿ. ಆಮೇಲೆ ಪೈಪಿಗೆ 40 ನಂಬರಿನ ಎಮರಿ ಪೇಪರ್ ಸುತ್ತಿ ಮತ್ತೆ ಅಳೆಯಿರಿ.

ಈಗ ಅಗಲ ಕಡಿಮೆಯಾಗಬೇಕು. ಒರಟು ಮೈ ಪೈಪಿಗೆ ಅಂಟಿದ ತೆಳು ನೀರಪದರವನ್ನು ಕಲಕುತ್ತದೆ. ಹೊರಗಿನ ವೇಗದ ನೀರು ಬೆರೆತು ಪದರಕ್ಕೆ ಕಸುವು ಬರುತ್ತದೆ. ನುಣ್ಣನೆ ಪೈಪಿನಲ್ಲಿ ಮುಂಭಾಗದಿಂದ ಸುಮಾರು 80 ಡಿಗ್ರಿಗೇ ಬಿಟ್ಟುಹೋಗುವ ನೀರು ಇಲ್ಲಿ ಇನ್ನೂ ಹಿಂದಿನವರೆಗೆ ಅಂಟಿಕೊಂಡಿರುತ್ತದೆ. ಒರಟಾದರೆ ಎಳೆತ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಸುಳಿ ಕಿರಿದಾದಾಗ ಎಳೆತ ಇಳಿಯುತ್ತದೆ. ಕಿರಿದಾಗದಿದ್ದರೆ ಸ್ವಲ್ಪ ಜೋರು ಹರಿವಿನಲ್ಲಿ ನೋಡಿ.